ಮೊದಲು ನಿಮ್ಮ ಝೀರೋ ಎರರ್ ನೋಡಿಕೊಳ್ಳಿ: ಹೊಸ ಮ್ಯಾನೇಜರ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಪೀಣ್ಯದ ಒಂದು ಸಣ್ಣ ಮೆಷಿನ್ ಶಾಪ್‌ಗೆ ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಮೆಷಿನ್) ಆಪರೇಟರ್ ಆಗಿ ಸೇರಿದವನು ನಾನು. ಆಮೇಲೆ ಮೆಷಿನ್ ಹೊಂದಿಸಿಕೊಡುವ ಸೆಟ್ಟರ್ ಆದೆ, 27ನೇ ವಯಸ್ಸಿಗೆ ಶಿಫ್ಟ್ ಸೂಪರ್‌ವೈಸರ್ ಆದೆ. ಈಗ ಹೊಸದಾಗಿ ಜನರನ್ನು ನೋಡಿಕೊಳ್ಳುವ ಕೆಲಸ ಸಿಕ್ಕವರಿಗೆ ಟ್ರೈನಿಂಗ್ ಕೊಡುತ್ತೇನೆ. ಕಾರ್ಖಾನೆಯವರು ಬರುತ್ತಾರೆ, ಸಾಫ್ಟ್‌ವೇರಿನವರು ಬರುತ್ತಾರೆ, ಸಹಕಾರ ಬ್ಯಾಂಕಿನವರು, ಆಸ್ಪತ್ರೆಯ ವಾರ್ಡ್ ಇನ್‌ಚಾರ್ಜ್‌ಗಳು ಕೂಡ. ಊಟದ ಬಿಡುವಿನಲ್ಲಿ ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ.

ತನ್ನನ್ನು ತಾನು ಅರಿಯುವುದು ಅಂದರೆ ಏನು? ಇದು ಅಧ್ಯಾತ್ಮದ ಮಾತಲ್ವಾ?

ಅಧ್ಯಾತ್ಮ ಇನ್ನೊಂದು ದಿನಕ್ಕಿರಲಿ. ದಪ್ಪ ಅಳೆಯುವ ಮೈಕ್ರೋಮೀಟರ್ ಹಿಡಿದು ಗೊತ್ತಿರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಪೀಸ್ ಅಳೆಯುವ ಮೊದಲು ಏನು ಮಾಡುತ್ತೇವೆ? ಎರಡೂ ಮುಖ ಒರೆಸಿ, ನಿಧಾನಕ್ಕೆ ಮುಚ್ಚಿ, ಸೊನ್ನೆ ಗೆರೆಗೆ ಸೊನ್ನೆ ಕೂರುತ್ತದಾ ಅಂತ ನೋಡುತ್ತೇವೆ. ಮುಚ್ಚಿದಾಗಲೇ 0.02 ಮಿ.ಮೀ. ತೋರಿಸಿದರೆ ಅದು ಝೀರೋ ಎರರ್. ಹಾಗಂತ ಮೈಕ್ರೋಮೀಟರನ್ನು ಯಾರೂ ಎಸೆಯುವುದಿಲ್ಲ. ಬಂದ ರೀಡಿಂಗ್‌ನಲ್ಲಿ 0.02 ಕಳೆದು ಬರೆಯುತ್ತೇವೆ. ಎರರ್ ಇದೆ ಅಂತಲೇ ಗೊತ್ತಿಲ್ಲದೆ ದಿನವಿಡೀ ಅಳೆದರೆ ಮಾತ್ರ ಸಂಜೆಗೆ ಕಥೆ ಮುಗಿಯಿತು.

ಮ್ಯಾನೇಜರ್ ಕೆಲಸವೂ ಅಳೆಯುವ ಕೆಲಸವೇ. ಯಾರಿಗೆ ಯಾವ ಕೆಲಸ ಕೊಡಬೇಕು, ಯಾರ ಜ್ವರ ನಿಜ, ಯಾರ ಮಾತಿಗೆ ಎಷ್ಟು ತೂಕ, ಯಾವ ಅರ್ಜೆಂಟು ನಿಜವಾಗಿ ಅರ್ಜೆಂಟು. ಇದನ್ನೆಲ್ಲ ಅಳೆಯಲು ನಮ್ಮ ಕೈಯಲ್ಲಿರುವ ಸಾಧನ ನಾವೇ. ಆ ಸಾಧನ ಯಾವ ಕಡೆಗೆ ವಾಲುತ್ತದೆ ಅಂತ ತಿಳಿದಿರುವುದನ್ನೇ ನಾನು ತನ್ನ ಅರಿವು ಅನ್ನುತ್ತೇನೆ.

ಇದಕ್ಕೆ ಎರಡು ಮಗ್ಗುಲು. ಒಂದು ಒಳಗಿನದು: ನನಗೆ ಯಾವುದಕ್ಕೆ ಸಿಟ್ಟು ಬರುತ್ತದೆ, ಯಾವುದಕ್ಕೆ ಹೆದರುತ್ತೇನೆ, ಯಾವ ಕೆಲಸ ನನ್ನ ಕೈಗೆ ಸಲೀಸು. ಇನ್ನೊಂದು ಹೊರಗಿನದು: ಎದುರಿಗಿರುವವರಿಗೆ ನಾನು ಹೇಗೆ ಕಾಣುತ್ತೇನೆ. ಒಂದು ಇದ್ದ ಮಾತ್ರಕ್ಕೆ ಇನ್ನೊಂದು ಇರುತ್ತದೆ ಅಂತಿಲ್ಲ. ದಿನಾ ಡೈರಿ ಬರೆಯುವ, ತನ್ನ ಮನಸ್ಸನ್ನು ಚೆನ್ನಾಗಿ ಬಲ್ಲ ಮನುಷ್ಯನೇ ಟೀಮಿನ ಕಣ್ಣಿಗೆ ಮಹಾ ಜಂಬಗಾರನಾಗಿ ಕಾಣಬಹುದು.

ನನ್ನ ಕೆಲಸದಲ್ಲಿ ನಾನು ಎಕ್ಸ್‌ಪರ್ಟ್. ಅದಕ್ಕೇ ಪ್ರಮೋಷನ್ ಕೊಟ್ಟರು. ಇದೆಲ್ಲ ಯಾಕೆ ಬೇಕು?

ನಿಮ್ಮ ಎಕ್ಸ್‌ಪರ್ಟ್‌ತನವೇ ನಿಮ್ಮ ಮೊದಲ ಝೀರೋ ಎರರ್ ಆಗಿರಬಹುದು, ಅದಕ್ಕೆ.

2008ರ ಸುಮಾರಿಗೆ ಗೂಗಲ್ ಕಂಪನಿ ಒಂದು ಕೆಲಸ ಮಾಡಿತು. ಅಲ್ಲಿನ ಎಂಜಿನಿಯರ್‌ಗಳಿಗೆ ಮ್ಯಾನೇಜರ್‌ಗಳೇ ಬೇಕಿಲ್ಲ ಅನ್ನೋ ಭಾವನೆ ಇತ್ತು. ಇದು ನಿಜವಾ ಅಂತ ನೋಡಲು ಪ್ರಾಜೆಕ್ಟ್ ಆಕ್ಸಿಜನ್ ಅಂತ ಅಧ್ಯಯನ ಶುರುಮಾಡಿದರು. ಸರ್ವೆ, ಪರ್ಫಾರ್ಮೆನ್ಸ್ ರಿವ್ಯೂ ಎಲ್ಲ ಜಾಲಾಡಿದರು. ಮ್ಯಾನೇಜರ್ ಬೇಕು ಅಂತಲೇ ಗೊತ್ತಾಯಿತು. ಒಳ್ಳೆ ಮ್ಯಾನೇಜರ್‌ನ ಎಂಟು ಗುಣಗಳ ಪಟ್ಟಿಯನ್ನೂ ಮಾಡಿದರು. ಟೆಕ್ನಿಕಲ್ ಜ್ಞಾನ ಆ ಪಟ್ಟಿಯಲ್ಲಿ ಇತ್ತು, ಆದರೆ ಎಂಟನೆಯದಾಗಿ. ಮೊದಲನೆಯದು ಚೆನ್ನಾಗಿ ಕಲಿಸಿಕೊಡುವುದು. ಎಂಜಿನಿಯರ್‌ಗಳೇ ತುಂಬಿರುವ ಕಂಪನಿಯಲ್ಲಿ ಬಂದ ಉತ್ತರ ಇದು, ಗಮನಿಸಿ.

ಅದಕ್ಕೂ ಹಿಂದೆ 1983ರಲ್ಲಿ ಅಮೆರಿಕದ ಮಾರ್ಗನ್ ಮೆಕಾಲ್ ಮತ್ತು ಮೈಕಲ್ ಲೊಂಬಾರ್ಡೊ, ಮೇಲೇರುತ್ತಾ ಹೋಗಿ ನಡುವೆ ಹಳಿ ತಪ್ಪಿದ ಅಧಿಕಾರಿಗಳ ಬಗ್ಗೆ ಬರೆದರು. ಹಳಿ ತಪ್ಪಲು ಎಲ್ಲಕ್ಕಿಂತ ಹೆಚ್ಚಾಗಿ ಕಂಡ ಕಾರಣ ಇನ್ನೊಬ್ಬರ ಮನಸ್ಸನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಸ್ವಭಾವ. ಕೆಳಗಿದ್ದಾಗ ಯಾವ ಗುಣದಿಂದ ಹೆಸರು ಬಂತೋ, ಮೇಲೆ ಹೋದಾಗ ಅದೇ ಮುಳುವಾಯಿತು. ಬಿರುಸಿನ ಕೆಲಸಗಾರ ಅಂತ ಹೊಗಳಿಸಿಕೊಂಡವನೇ ಮೇಲೆ ಹೋದ ಮೇಲೆ ಒರಟ ಅನ್ನಿಸಿಕೊಂಡ.

ನನಗೆ ನನ್ನ ಬಗ್ಗೆ ಚೆನ್ನಾಗಿ ಗೊತ್ತು ಅಂತ ಅನ್ನಿಸುತ್ತೆ. ಅಷ್ಟು ಸಾಲದಾ?

ಎಲ್ಲರಿಗೂ ಹಾಗೇ ಅನ್ನಿಸುತ್ತೆ, ತೊಂದರೆ ಅಲ್ಲೇ ಇರೋದು. ತಾಷಾ ಯೂರಿಕ್ ಅನ್ನೋ ಮನಶ್ಶಾಸ್ತ್ರಜ್ಞೆಯ ತಂಡ ಸುಮಾರು 5,000 ಜನರನ್ನು ಅಧ್ಯಯನ ಮಾಡಿ 2018ರಲ್ಲಿ ಬರೆದದ್ದು ಇದು: ಹೆಚ್ಚಿನವರು ತಮಗೆ ತಮ್ಮ ಅರಿವು ಇದೆ ಅಂತ ನಂಬಿದ್ದಾರೆ, ಆದರೆ ಅಳತೆಗೆ ನಿಂತವರು ಶೇ. 10ರಿಂದ 15 ಮಾತ್ರ. ಅನುಭವ ಮತ್ತು ಅಧಿಕಾರ ಹೆಚ್ಚಾದಷ್ಟೂ ಈ ಅರಿವಿಗೆ ಮಂಕು ಕವಿಯುತ್ತದೆ ಅಂತಲೂ ಅವರು ಹೇಳುತ್ತಾರೆ. ಇದಕ್ಕೆ ದೊಡ್ಡ ಕಾರಣ ಹುಡುಕಬೇಕಿಲ್ಲ. ಮೇಲೆ ಹೋದಷ್ಟೂ ಮುಖಕ್ಕೆ ಹೇಳುವವರು ಕಡಿಮೆ.

1999ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಡನ್ನಿಂಗ್ ಮತ್ತು ಕ್ರೂಗರ್ ಪ್ರಕಟಿಸಿದ ಅಧ್ಯಯನ ನೀವೂ ಕೇಳಿರುತ್ತೀರಿ. ಪರೀಕ್ಷೆಯಲ್ಲಿ ಕೊನೆಯ ಕಾಲು ಭಾಗದಲ್ಲಿದ್ದವರು, ಅಂದರೆ ನೂರಕ್ಕೆ ಸುಮಾರು 12 ಜನರಿಗಿಂತ ಮಾತ್ರ ಮುಂದಿದ್ದವರು, 62 ಜನರಿಗಿಂತ ಮುಂದಿದ್ದೇವೆ ಅಂದುಕೊಂಡಿದ್ದರು. ಇದರ ಲೆಕ್ಕಾಚಾರದ ಬಗ್ಗೆ ಆಮೇಲೆ ಬೇಕಾದಷ್ಟು ತಕರಾರು ಎದ್ದಿದೆ. ಇರಲಿ. ನನ್ನ ಕಣ್ಣು ತೆರೆಸಿದ್ದು ಈ ಅಂಕಿಗಳಲ್ಲ, 140 ಪೀಸ್.

ಸೆಕೆಂಡ್ ಶಿಫ್ಟ್. ಮಧ್ಯಾಹ್ನ ಒಬ್ಬ ಹುಡುಗ ರಂಧ್ರ (ಬೋರ್) ಕೊರೆಯುವ ಬೋರಿಂಗ್ ಟೂಲಿನ ಇನ್ಸರ್ಟ್, ಅಂದರೆ ಅದರ ಅಲಗು, ಬದಲಾಯಿಸಿದ್ದ. ಟೂಲ್ ಎಲ್ಲಿರಬೇಕು ಅಂತ ಮೆಷಿನ್‌ಗೆ ಹೇಳುವ ಅಂಕಿ, ಆಫ್‌ಸೆಟ್, ತಪ್ಪಾಗಿ ಹಾಕಿದ್ದ. ರಂಧ್ರದ ಅಳತೆ ನೋಡುವ ಪ್ಲಗ್ ಗೇಜಿನ ನೋ-ಗೋ ತುದಿ, ಅಂದರೆ ಒಳಗೆ ಹೋಗಲೇಬಾರದ ತುದಿ, ಬೋರಿನೊಳಗೆ ಸಲೀಸಾಗಿ ಇಳಿಯುತ್ತಿತ್ತು. ಸಂಜೆ ಐದಕ್ಕೇ ಅವನಿಗೆ ಅದು ಗೊತ್ತಾಗಿತ್ತು. ತಾನೇ ಅಷ್ಟಿಷ್ಟು ಆಫ್‌ಸೆಟ್ ತಿದ್ದುತ್ತಾ ಹೋದ, ಯಾರಿಗೂ ಹೇಳಲಿಲ್ಲ. ನನಗೆ ಗೊತ್ತಾದಾಗ ರಾತ್ರಿ ಹತ್ತು. ಬೋರ್ ದೊಡ್ಡದಾದರೆ ಮತ್ತೆ ಚಿಕ್ಕದು ಮಾಡೋಕೆ ಆಗಲ್ಲ. 140 ಪೀಸೂ ಸ್ಕ್ರ್ಯಾಪ್.

'ಯಾಕಪ್ಪಾ ಹೇಳ್ಲಿಲ್ಲ? ನಾನು ಬೈತೀನಿ ಅಂತ ಹೆದರಿಕೆನಾ?' ಅಂದೆ. ನಾನು ಬೈಯುವವನಲ್ಲ ಅನ್ನೋ ಹೆಮ್ಮೆ ಆಗ ನನಗೆ ಜಾಸ್ತಿ ಇತ್ತು.

ಅವನು ತಲೆ ಎತ್ತಲಿಲ್ಲ. 'ಬೈಯಲ್ಲ ಸಾರ್. ಬೈದ್ರೆ ಪರವಾಗಿರ್ಲಿಲ್ಲ. ನೀವು ಬಂದು ನನ್ನ ಪಕ್ಕಕ್ಕೆ ಸರಿಸಿ ನೀವೇ ಬಟನ್ ಒತ್ತೋಕೆ ಶುರು ಮಾಡ್ತೀರಾ. ಎಲ್ಲರೂ ನೋಡ್ತಿರ್ತಾರೆ. ನಾನು ಕೈ ಕಟ್ಕೊಂಡು ನಿಂತಿರ್ತೀನಿ.'

ನಾನು ಅದನ್ನು ಸಹಾಯ ಅಂದುಕೊಂಡಿದ್ದೆ. ಎಷ್ಟು ವರ್ಷದಿಂದ! ಶಾಪಿನಲ್ಲಿ ನನ್ನಷ್ಟು ಬೇಗ ಸೆಟ್ಟಿಂಗ್ ಮಾಡುವವರು ಯಾರೂ ಇರಲಿಲ್ಲ. ಅದೇ ಬೇಗನ ಕೈ ಆ ಹುಡುಗನ ಬಾಯಿ ಮುಚ್ಚಿಸಿತ್ತು.

ಒಬ್ಬನೇ ಶಾಂತವಾಗಿ ಕೂತು ಯೋಚಿಸಿದರೆ ಇದೆಲ್ಲ ಹೊಳೆಯುವುದಿಲ್ವಾ?

ಸ್ವಲ್ಪ ಹೊಳೆಯುತ್ತದೆ. ಮೇಲಿನದು ಮಾತ್ರ ನನಗೆ ನೂರು ವರ್ಷ ಕೂತರೂ ಹೊಳೆಯುತ್ತಿರಲಿಲ್ಲ. ನಮ್ಮ ಬೆನ್ನು ನಮಗೆ ಕಾಣುವುದಿಲ್ಲವಲ್ಲ.

ಇನ್ನೊಂದು ತೊಡಕಿದೆ. ಏಕೆ ಹೀಗೆ ಮಾಡಿದೆ ಅಂತ ನಮ್ಮನ್ನೇ ಕೇಳಿಕೊಂಡರೆ ಉತ್ತರ ಥಟ್ಟನೆ ಬರುತ್ತದೆ. ಅದು ನಿಜವೇ ಆಗಿರಬೇಕಿಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ರಿಚರ್ಡ್ ನಿಸ್ಬೆಟ್ ಮತ್ತು ಟಿಮೊಥಿ ವಿಲ್ಸನ್ 1977ರಲ್ಲಿ ಬರೆದ ಪ್ರಯೋಗ ನನಗೆ ತುಂಬ ಇಷ್ಟ. ಒಂದು ಅಂಗಡಿಯಲ್ಲಿ ನಾಲ್ಕು ಜೊತೆ ನೈಲಾನ್ ಕಾಲುಚೀಲ ಸಾಲಾಗಿ ಇಟ್ಟರು. ಬಂದವರಿಗೆ ಯಾವುದು ಚೆನ್ನಾಗಿದೆ ಆರಿಸಿ ಅಂದರು. ಎಲ್ಲಕ್ಕಿಂತ ಹೆಚ್ಚು ಜನ ಆರಿಸಿದ್ದು ಬಲತುದಿಯದನ್ನು. ಯಾಕೆ ಅಂದರೆ ನೇಯ್ಗೆ ಚೆನ್ನಾಗಿದೆ, ನುಣುಪಾಗಿದೆ ಅಂತೆಲ್ಲ ಹೇಳಿದರು. ನಾಲ್ಕೂ ಒಂದೇ ಮಾಲು! ಇಟ್ಟ ಜಾಗದಿಂದ ನಿಮಗೆ ಹಾಗನ್ನಿಸಿತಾ ಅಂತ ಕೇಳಿದರೆ ಅದನ್ನು ಒಪ್ಪಲೇ ಇಲ್ಲ.

ನಾನು ಮಧ್ಯಾಹ್ನ ಒಬ್ಬನ ರಜೆ ಅರ್ಜಿ ತಳ್ಳಿಹಾಕಿ, ಪ್ರೊಡಕ್ಷನ್ ಒತ್ತಡ ಇದೆ ಅನ್ನುತ್ತೇನೆ. ನಿಜ ಕಾರಣ ಹಸಿವೆಯೂ ಇರಬಹುದು. ಅದಕ್ಕೇ 'ಏಕೆ' ಬದಲು 'ಏನು' ಅಂತ ಕೇಳಿಕೊಳ್ಳಿ ಅನ್ನುತ್ತಾರೆ ಯೂರಿಕ್. ಏನಾಯಿತು, ನಾನು ಏನು ಅಂದೆ, ಅವರ ಮುಖ ಏನಾಯಿತು, ಮುಂದಿನ ಸಲ ಏನು ಮಾಡಲಿ. 'ಏಕೆ' ಅಂತ ಶುರು ಮಾಡಿದರೆ ನಾವು ನಮ್ಮ ಪರ ವಾದ ಮಾಡುವ ವಕೀಲರಾಗಿಬಿಡುತ್ತೇವೆ. ಫೀಸಿಲ್ಲದ ವಕೀಲರು.

ಜೋಹಾರಿ ಕಿಟಕಿ ಅಂತ ಎಲ್ಲ ಟ್ರೈನಿಂಗ್‌ನಲ್ಲೂ ತೋರಿಸುತ್ತಾರೆ. ಅದೇನು?

1955ರಲ್ಲಿ ಜೋಸೆಫ್ ಲುಫ್ಟ್ ಮತ್ತು ಹ್ಯಾರಿ ಇಂಗಮ್ ಅನ್ನುವವರು ಮಾಡಿದ್ದು. ಜೋ ಮತ್ತು ಹ್ಯಾರಿ ಸೇರಿ ಜೋಹಾರಿ ಆಯಿತು. ಜಪಾನಿನ ಪದವೂ ಅಲ್ಲ, ರಾಜಸ್ಥಾನದ್ದೂ ಅಲ್ಲ. ನಾಲ್ಕು ಚೌಕ: ನನಗೂ ಇತರರಿಗೂ ಗೊತ್ತಿರುವುದು, ನನಗೆ ಮಾತ್ರ ಗೊತ್ತಿರುವುದು, ಇತರರಿಗೆ ಮಾತ್ರ ಗೊತ್ತಿರುವುದು, ಯಾರಿಗೂ ಗೊತ್ತಿಲ್ಲದ್ದು. ಪಕ್ಕಕ್ಕೆ ಸರಿಸುವ ನನ್ನ ಚಾಳಿ ಮೂರನೆಯ ಚೌಕದ್ದು. ಇಡೀ ಶಾಪಿಗೆ ಗೊತ್ತಿತ್ತು, ನನಗೊಬ್ಬನಿಗೆ ಗೊತ್ತಿರಲಿಲ್ಲ. ಚಿತ್ರ ಬರೆದುಕೊಂಡು ಮನೆಗೆ ಹೋದರೆ ಏನೂ ಆಗಲ್ಲ. ಆ ಮೂರನೇ ಚೌಕದಲ್ಲಿ ಇರುವುದನ್ನು ಹೇಳುವವರು ಬೇಕು.

ಟೀಮಿನವರನ್ನು ಕೇಳಿದರೆ 'ಎಲ್ಲಾ ಚೆನ್ನಾಗಿದೆ ಸಾರ್' ಅಂತಾರೆ. ಏನು ಮಾಡೋದು?

ಕೇಳುವ ರೀತಿಯೇ ತಪ್ಪಿರುತ್ತದೆ. 'ನನ್ನ ಬಗ್ಗೆ ಏನನ್ಸುತ್ತೆ, ಫ್ರೀಯಾಗಿ ಹೇಳಿ' ಅಂತ ಕ್ಯಾಬಿನ್‌ಗೆ ಕರೆದು ಕೂರಿಸಿ ಕೇಳಿದರೆ ಇನ್ನೇನು ಹೇಳುತ್ತಾರೆ ಪಾಪ? ಇನ್‌ಕ್ರಿಮೆಂಟ್ ಯಾರ ಕೈಯಲ್ಲಿದೆ ಅಂತ ಅವರಿಗೂ ಗೊತ್ತು. ನಮ್ಮಲ್ಲಿ ದೊಡ್ಡವರ ತಪ್ಪು ಎತ್ತಿ ಹೇಳುವುದು ಮರ್ಯಾದೆಯಲ್ಲ ಅನ್ನೋದೂ ಒಂದು ಸೇರಿಕೊಂಡಿದೆ.

ನಾನು ಕಲಿತದ್ದು ಹೀಗೆ. ಪ್ರಶ್ನೆ ಸಣ್ಣದಿರಬೇಕು, ಕೆಲಸದ ಬಗ್ಗೆ ಇರಬೇಕು. 'ಈ ವಾರ ನಾನು ಮಾಡಿದ್ದರಲ್ಲಿ ನಿಮ್ಮ ಕೆಲಸಕ್ಕೆ ಅಡ್ಡ ಬಂದಿದ್ದು ಒಂದೇ ಒಂದು ಹೇಳಿ.' ಕ್ಯಾಬಿನ್‌ನಲ್ಲಿ ಬೇಡ. ಟೀ ಅಂಗಡಿ ಹತ್ತಿರ, ಅಥವಾ ಮೆಷಿನ್ ಓಡುತ್ತಿರುವಾಗ ಪಕ್ಕದಲ್ಲಿ ನಿಂತು. ಇಬ್ಬರ ಕಣ್ಣೂ ಮೆಷಿನ್ ಮೇಲೆ ಇದ್ದರೆ ಮಾತು ಸುಲಭವಾಗಿ ಬರುತ್ತದೆ.

ಫೈನಲ್ ಇನ್‌ಸ್ಪೆಕ್ಷನ್‌ನಲ್ಲಿ ಒಬ್ಬರು ಅಕ್ಕ ಇದ್ದರು. ನನಗಿಂತ ಹತ್ತು ವರ್ಷ ದೊಡ್ಡವರು. ಮೊದಲ ಎರಡು ವಾರ 'ಏನಿಲ್ಲ ಸಾರ್' ಅಂದರು. ಮೂರನೇ ವಾರ ನಗುತ್ತಾ ಅಂದರು, 'ನೀವು ಬಂದ ತಕ್ಷಣ ಆ ಕೆಂಪು ರಿಜೆಕ್ಷನ್ ಬಿನ್ ನೋಡ್ತೀರಾ. ಆಮೇಲೆ ನಮ್ಮ ಮುಖ.'

ನನ್ನ ಬಾಯಿ ತುದಿಗೆ ಬಂದಿತ್ತು, 'ಅಲ್ಲಮ್ಮ, ರಿಜೆಕ್ಷನ್ ನೋಡೋದು ನನ್ನ ಡ್ಯೂಟಿ' ಅಂತ. ನುಂಗಿಕೊಂಡೆ. 'ಆಯ್ತಕ್ಕ' ಅಂದೆ. ಮಾರನೇ ದಿನದಿಂದ ಮೊದಲು ಎಲ್ಲರನ್ನೂ ಮಾತಾಡಿಸಿ, ಆಮೇಲೆ ಬಿನ್ ನೋಡತೊಡಗಿದೆ. ಬಿನ್ ಎಲ್ಲೂ ಓಡಿಹೋಗಲಿಲ್ಲ. ತಿಂಗಳಾದ ಮೇಲೆ ಅದೇ ಅಕ್ಕ ತಾವಾಗಿಯೇ ಬಂದು, ಒಂದು ಗೇಜಿನ ಕ್ಯಾಲಿಬ್ರೇಶನ್ (ಅಳತೆ ಸರಿಯಿದೆಯಾ ಅನ್ನೋ ತಪಾಸಣೆ) ತಾರೀಖು ಮುಗಿದು ಎರಡು ತಿಂಗಳಾಗಿದೆ, ಯಾರೂ ಕಳಿಸಿಲ್ಲ ಅಂತ ಹೇಳಿದರು. ಕಸ್ಟಮರ್ ಆಡಿಟ್‌ಗೆ ಹತ್ತು ದಿನ ಬಾಕಿ ಇತ್ತು.

ಮೊದಲು ಹೇಳಿದ ಸಣ್ಣ ವಿಷಯ ನನಗಿಟ್ಟ ಪರೀಕ್ಷೆ ಆಗಿತ್ತು. ಅದನ್ನು ಕೇಳಿ ನಾನು ಏನು ಮಾಡುತ್ತೇನೆ ಅಂತ ನೋಡಿ, ಆಮೇಲೆ ದೊಡ್ಡದನ್ನು ತಂದರು. ಹೀಗಾಗಿ ಕೇಳಿದ ಮೇಲೆ ಸಮಜಾಯಿಷಿ ಕೊಡಬೇಡಿ. ಒಂದೇ ಒಂದು 'ಆದರೆ' ಸಾಕು, ಮುಂದಿನ ಆರು ತಿಂಗಳು 'ಎಲ್ಲಾ ಚೆನ್ನಾಗಿದೆ ಸಾರ್' ಗ್ಯಾರಂಟಿ.

ನಮ್ಮ ಕಂಪನಿಯಲ್ಲಿ 360 ಡಿಗ್ರಿ ಫೀಡ್‌ಬ್ಯಾಕ್ ಇದೆ. ಅದರಿಂದ ಎಲ್ಲ ಗೊತ್ತಾಗುತ್ತಲ್ಲ?

ಮೇಲಿನವರು, ಜೊತೆಯವರು, ಕೆಳಗಿನವರು ಎಲ್ಲರಿಂದ ಹೆಸರಿಲ್ಲದೆ ಅಭಿಪ್ರಾಯ ತರಿಸುವ ಪದ್ಧತಿ ಅದು. ಐದು ಜನರ ಟೀಮಿನಲ್ಲಿ ಯಾರು ಏನು ಬರೆದರು ಅಂತ ಪತ್ತೆ ಹಚ್ಚುವುದಕ್ಕೆ ಡಿಟೆಕ್ಟಿವ್ ಬೇಕಿಲ್ಲ. ನೀವು ಹಾಗೆ ಪತ್ತೆ ಹಚ್ಚಲು ಕೂತರೆ ಅವತ್ತಿಗೆ ಅದರ ಉಪಯೋಗ ಮುಗಿಯಿತು.

ಫೀಡ್‌ಬ್ಯಾಕ್ ಕೊಟ್ಟರೆ ಕೆಲಸ ಸುಧಾರಿಸಿಯೇ ಸುಧಾರಿಸುತ್ತದೆ ಅನ್ನೋದೂ ಪೂರ್ತಿ ನಿಜವಲ್ಲ. 1996ರಲ್ಲಿ ಕ್ಲೂಗರ್ ಮತ್ತು ಡಿನಿಸಿ ಅನ್ನೋ ಸಂಶೋಧಕರು ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ನೋಡಿದರು. ಸರಾಸರಿಯಲ್ಲಿ ಲಾಭವೇ ಕಂಡಿತು. ಆದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಫೀಡ್‌ಬ್ಯಾಕ್ ನಂತರ ಕೆಲಸ ಕೆಟ್ಟಿತ್ತು. ಗಮನ ಕೆಲಸದಿಂದ ಜಾರಿ 'ನಾನು ಎಂಥವನು' ಅನ್ನುವುದರ ಕಡೆಗೆ ಹೋದಾಗ ಹೀಗಾಗುತ್ತದೆ ಅಂತ ಅವರ ವಿವರಣೆ. ನಿಮಗೆ ಬಂದ ರಿಪೋರ್ಟ್ ಓದುವಾಗಲೂ, ನೀವು ಇನ್ನೊಬ್ಬರಿಗೆ ಹೇಳುವಾಗಲೂ ಇದು ನೆನಪಿರಲಿ. 'ನೀನು ಬೇಜವಾಬ್ದಾರಿ' ಅಂದರೆ ಜಗಳ. 'ಮಂಗಳವಾರ ಗೇಜ್ ಹಾಕದೆ ಮೂರು ಪೀಸ್ ಬಿಟ್ಟೆ' ಅಂದರೆ ಮಾತುಕತೆ.

ಪರ್ಸನಾಲಿಟಿ ಟೆಸ್ಟ್ ತೆಗೆದುಕೊಳ್ಳಲಾ? ನಾಲ್ಕು ಅಕ್ಷರ ಕೊಡುತ್ತಾರಲ್ಲ, ಅದು.

ಮಜಾಕ್ಕೆ ತೆಗೆದುಕೊಳ್ಳಿ. ನಮ್ಮ ಸ್ವಭಾವಕ್ಕೆ ನಾಲ್ಕು ಅಕ್ಷರದ ಗುರುತು ಕೊಡುವ ಆ ಎಂಬಿಟಿಐ ಟೆಸ್ಟ್ ಮಾಡಿದ್ದು ಅಮೆರಿಕದ ಕ್ಯಾಥರಿನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಾಬೆಲ್ ಮೈಯರ್ಸ್. ಮನೋವೈದ್ಯ ಕಾರ್ಲ್ ಯೂಂಗ್ ಅವರ ವಿಚಾರಗಳನ್ನು ಇಟ್ಟುಕೊಂಡು ಮಾಡಿದರು, ಆದರೆ ತಾಯಿ ಮಗಳು ಇಬ್ಬರೂ ಮನಶ್ಶಾಸ್ತ್ರ ಓದಿದವರಲ್ಲ. ಕೆಲವು ವಾರ ಬಿಟ್ಟು ಮತ್ತೆ ತೆಗೆದುಕೊಂಡರೆ ಬೇಕಾದಷ್ಟು ಜನರಿಗೆ ಬೇರೆ ಅಕ್ಷರ ಬರುತ್ತದೆ. ನನಗೂ ಬಂತು. ಮನಶ್ಶಾಸ್ತ್ರಜ್ಞರು ಹೆಚ್ಚು ನಂಬುವುದು ಬಿಗ್ ಫೈವ್ ಅನ್ನೋ ಐದು ಗುಣಗಳ ಅಳತೆಯನ್ನು. ಯಾವುದೇ ಆಗಲಿ, 'ನಾನು ಇಂಟ್ರೋವರ್ಟು, ಅದಕ್ಕೇ ಟೀಮ್ ಜೊತೆ ಮಾತಾಡಲ್ಲ' ಅಂತ ನೆಪ ಸಿಕ್ಕಿದರೆ ಟೆಸ್ಟ್ ಮಾಡಿಸಿ ಲಾಭವಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಏನಾದರೂ ಬರೆದಿಡಬೇಕಾ? ನನಗೆ ಡೈರಿ ಬರೆಯೋ ಅಭ್ಯಾಸ ಇಲ್ಲ.

ಡೈರಿ ಬೇಡ. ಹತ್ತು ರೂಪಾಯಿಯ ಪಾಕೆಟ್ ನೋಟ್‌ಬುಕ್ ಸಾಕು.

ಮ್ಯಾನೇಜ್‌ಮೆಂಟ್ ಬಗ್ಗೆ ಬರೆದ ಪೀಟರ್ ಡ್ರಕ್ಕರ್ 1999ರಲ್ಲಿ ಒಂದು ಲೇಖನದಲ್ಲಿ ಹೇಳಿದ ದಾರಿ ಬಹಳ ಸರಳ. ಒಂದು ಮುಖ್ಯ ತೀರ್ಮಾನ ತೆಗೆದುಕೊಂಡಾಗ ಇದರಿಂದ ಏನಾಗುತ್ತದೆ ಅಂತ ನಿರೀಕ್ಷಿಸುತ್ತೀರೋ ಅದನ್ನು ಬರೆದಿಡಿ. 9 ಅಥವಾ 12 ತಿಂಗಳಾದ ಮೇಲೆ ತೆಗೆದು ನೋಡಿ. ತಾವು ಹದಿನೈದು ಇಪ್ಪತ್ತು ವರ್ಷದಿಂದ ಹೀಗೆ ಮಾಡುತ್ತಿದ್ದೇನೆ, ಪ್ರತಿ ಸಲವೂ ಆಶ್ಚರ್ಯವಾಗುತ್ತದೆ ಅಂತ ಅವರು ಬರೆದಿದ್ದರು. ಬರೆದಿಡದಿದ್ದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು. ಚೆನ್ನಾಗಾದರೆ 'ನಾನು ಆವತ್ತೇ ಹೇಳಿದ್ದೆ', ಕೆಟ್ಟರೆ 'ನನಗೆ ಆಗಲೇ ಅನುಮಾನ ಇತ್ತು'.

ನಾನು ಇದನ್ನು ಸ್ವಲ್ಪ ಚಿಕ್ಕದು ಮಾಡಿಕೊಂಡೆ. ಯಾರಿಗಾದರೂ ಹೊಸ ಜವಾಬ್ದಾರಿ ಕೊಟ್ಟಾಗ ಒಂದು ಸಾಲು, ಮೂರು ತಿಂಗಳಿಗೆ ಅದರ ಕೆಳಗೆ ಇನ್ನೊಂದು ಸಾಲು. ಎರಡು ವರ್ಷದ ನೋಟ್‌ಬುಕ್ ತಿರುವಿದಾಗ ಒಂದು ವಿಚಿತ್ರ ಕಂಡಿತು. ಚಟಪಟ ಮಾತಾಡುವ ಹುಡುಗರ ಬಗ್ಗೆ ನನ್ನ ಅಂದಾಜು ಪ್ರತಿ ಸಲವೂ ಜಾಸ್ತಿ, ಸುಮ್ಮನಿರುವವರ ಬಗ್ಗೆ ಪ್ರತಿ ಸಲವೂ ಕಡಿಮೆ. ಆಗಿನಿಂದ ಇಂಟರ್‌ವ್ಯೂನಲ್ಲಿ ಯಾರಾದರೂ ತುಂಬ ಹಿಡಿಸಿದರೆ ಮನಸ್ಸಿನಲ್ಲೇ ಒಂದು ಪಾಯಿಂಟ್ ಕಳೆಯುತ್ತೇನೆ. ಝೀರೋ ಎರರ್ ಕಳೆದ ಹಾಗೆ.

ಟೊಯೊಟಾದವರಲ್ಲಿ ಹಾನ್ಸೇ ಅಂತ ಒಂದು ರೂಢಿ ಇದೆ, ಕೆಲಸ ಮುಗಿದ ಮೇಲೆ ಹಿಂತಿರುಗಿ ನೋಡುವುದು. ನಮ್ಮ ಬಿಡದಿಯಲ್ಲೂ ಅವರ ಕಾರ್ಖಾನೆ ಇರುವುದರಿಂದ ಈ ಪದ ಇಲ್ಲಿನ ಸಪ್ಲೈಯರ್‌ಗಳ ಕಿವಿಗೂ ಬಿದ್ದಿದೆ. ಅದರಲ್ಲಿ ನನಗೆ ಹಿಡಿಸಿದ್ದು ಏನೆಂದರೆ ಕೆಲಸ ಚೆನ್ನಾಗಿ ಮುಗಿದಾಗಲೂ ಹಾನ್ಸೇ ಮಾಡುತ್ತಾರೆ. ನಾವು ಎಡವಟ್ಟಾದಾಗ ಮಾತ್ರ ಮೀಟಿಂಗ್ ಕರೆಯುವವರು.

ಸಿಟ್ಟು ಬಂದಾಗ ಅರಿವು ಗಿರಿವು ಎಲ್ಲ ಹಾರಿಹೋಗುತ್ತೆ. ಆಗೇನು ಮಾಡೋದು?

ಬಂದ ಮೇಲೆ ಹೆಚ್ಚೇನೂ ಮಾಡೋಕಾಗಲ್ಲ. ಬರುವ ಮುಂಚಿನ ಗುರುತು ಹಿಡಿಯಬೇಕು. ಸಿಟ್ಟು ಬರುವ ಮುಂಚೆ ನನ್ನ ದನಿ ಏರುವುದಿಲ್ಲ, ತಗ್ಗುತ್ತದೆ. 'ನೋಡಪ್ಪಾ' ಅಂತ ಶುರುವಾಗುತ್ತದೆ. ಇದು ನನಗಿಂತ ಮೊದಲು ಶಾಪಿನವರಿಗೆ ಗೊತ್ತಿತ್ತು. 'ನೋಡಪ್ಪಾ' ಕೇಳಿಸಿದರೆ ಸಾಕು, ಅಕ್ಕಪಕ್ಕದವರೆಲ್ಲ ಪೀಸ್ ತೊಳೆಯೋಕೆ ಹೋಗಿಬಿಡುತ್ತಿದ್ದರು. ಇದನ್ನೂ ಆ ಅಕ್ಕನೇ ಹೇಳಿದ್ದು. ಈಗ ನನ್ನ ಬಾಯಲ್ಲಿ ಆ ಮಾತು ಬಂದರೆ ನನಗೇ ಕೇಳಿಸುತ್ತದೆ. 'ಐದು ನಿಮಿಷ ಬಿಟ್ಟು ಬರ್ತೀನಿ' ಅಂತ ಹೇಳಿ ನೀರು ಕುಡಿಯಲು ಹೋಗುತ್ತೇನೆ.

ಇನ್ನೊಂದು ಉಪಾಯ, ಒಳಗೆ ಏನಾಗುತ್ತಿದೆಯೋ ಅದಕ್ಕೆ ಸರಿಯಾದ ಹೆಸರಿಡುವುದು. 2007ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಥ್ಯೂ ಲೀಬರ್‌ಮನ್ ತಂಡ ಮೆದುಳಿನ ಸ್ಕ್ಯಾನ್ ಮಾಡಿ ನೋಡಿತು. ಭಾವನೆಗೆ ಮಾತಿನಲ್ಲಿ ಹೆಸರಿಟ್ಟಾಗ ಮೆದುಳಿನಲ್ಲಿ ದಿಗಿಲು ಹುಟ್ಟಿಸುವ ಅಮಿಗ್ಡಲಾ ಭಾಗ ಸ್ವಲ್ಪ ತಣ್ಣಗಾಗುತ್ತಿತ್ತು. ಕನ್ನಡದಲ್ಲಿ ಹೆಸರಿಗೇನು ಬರ? ಸಿಟ್ಟು, ಕಿರಿಕಿರಿ, ಅವಮಾನ, ದಿಗಿಲು, ಸಂಕಟ, ಹೊಟ್ಟೆಕಿಚ್ಚು. ನನ್ನ ಲೆಕ್ಕದಲ್ಲಿ ಮ್ಯಾನೇಜರ್‌ಗಳ ಸಿಟ್ಟಿನಲ್ಲಿ ಅರ್ಧ ದಿಗಿಲು. ಮೇಲಿನವರಿಗೆ ಏನು ಉತ್ತರ ಕೊಡಲಿ ಅನ್ನೋ ದಿಗಿಲು, ಕೆಳಗಿಳಿಯುವಾಗ ಸಿಟ್ಟಿನ ವೇಷ ಹಾಕಿಕೊಳ್ಳುತ್ತದೆ.

ನಾನು ಎಲ್ಲರನ್ನೂ ಒಂದೇ ಥರ ನೋಡುತ್ತೇನೆ. ನನ್ನಲ್ಲಿ ಪಕ್ಷಪಾತ ಇಲ್ಲ ಅಂತ ಖಂಡಿತ ಹೇಳಬಲ್ಲೆ.

ಇದು ಪ್ರಶ್ನೆಯಲ್ಲ, ಆದರೆ ಪ್ರತಿ ಬ್ಯಾಚಿನಲ್ಲೂ ಒಬ್ಬರು ಹೇಳುತ್ತಾರೆ. 2002ರಲ್ಲಿ ಎಮಿಲಿ ಪ್ರೋನಿನ್ ಮತ್ತು ಸಂಗಡಿಗರು ಇದಕ್ಕೆ ಒಂದು ಹೆಸರನ್ನೇ ಇಟ್ಟರು, ಬಯಾಸ್ ಬ್ಲೈಂಡ್ ಸ್ಪಾಟ್ ಅಂತ. ಪಕ್ಷಪಾತ ಇತರರಲ್ಲಿ ಎಷ್ಟು ಇದೆ, ನಿಮ್ಮಲ್ಲಿ ಎಷ್ಟು ಇದೆ ಅಂತ ಕೇಳಿದರೆ ಜನ ತಮ್ಮಲ್ಲಿ ಕಡಿಮೆ ಅನ್ನುತ್ತಾರೆ. ನಮ್ಮೂರಲ್ಲಿ ಇದಕ್ಕೆ ಎಲೆಯ ಮೇಲಿನ ಹೆಗ್ಗಣದ ಗಾದೆ ಇದೆ.

ನಾನು ತಿಪಟೂರು ಕಡೆಯವನು. ಶಾಪಿನಲ್ಲಿ ನಮ್ಮ ಕಡೆಯ ಇಬ್ಬರಿದ್ದರು. ಉಳಿದವರಲ್ಲಿ ಒಡಿಶಾ, ಬಿಹಾರದ ಹುಡುಗರು ಜಾಸ್ತಿ. ಭಾನುವಾರದ ಓಟಿಗೆ (ಓವರ್‌ಟೈಮ್) ಎಲ್ಲರಿಗೂ ಆಸೆ, ದುಡ್ಡು ಡಬಲ್. ಯಾರಾದರೂ ಕೇಳಿದ್ದರೆ ಸರದಿ ಪ್ರಕಾರ ಕೊಡುತ್ತೇನೆ ಅಂತ ಆಣೆ ಮಾಡಿ ಹೇಳುತ್ತಿದ್ದೆ. ಒಂದು ದಿನ ಸುಮ್ನೆ ಓಟಿ ರಿಜಿಸ್ಟರ್ ತೆಗೆದು ಎಣಿಸಿದೆ. ಮೂರು ತಿಂಗಳಲ್ಲಿ 26 ಓಟಿ. ಅದರಲ್ಲಿ 15 ನಮ್ಮ ಕಡೆಯ ಇಬ್ಬರಿಗೇ ಹೋಗಿದ್ದವು. ಬೇಕಂತ ಮಾಡಿದ್ದಲ್ಲ. ಶನಿವಾರ ಸಂಜೆ ಅವರ ಜೊತೆ ಕನ್ನಡದಲ್ಲಿ ಹರಟುತ್ತಾ 'ನಾಳೆ ಬರ್ತೀರೇನ್ರೋ' ಅಂತ ಕೇಳುತ್ತಿದ್ದೆ. ನನ್ನ ಹಿಂದಿ ಅಷ್ಟಕ್ಕಷ್ಟೇ, ಹಾಗಾಗಿ ಆ ಹುಡುಗರ ಜೊತೆ ಹರಟೆಯೇ ಇರಲಿಲ್ಲ. ಮುಂದಿನ ವಾರದಿಂದ ಓಟಿ ಪಟ್ಟಿ ನೋಟಿಸ್ ಬೋರ್ಡಿಗೆ ಹೋಯಿತು.

ಹಾಗಾಗಿ ನಿಮ್ಮ ಮನಸ್ಸನ್ನು ಕೇಳಬೇಡಿ, ರಿಜಿಸ್ಟರ್ ಕೇಳಿ. ಯಾರಿಗೆ ರಜೆ ಕೊಟ್ಟಿರಿ, ಯಾರನ್ನು ಕ್ಲೈಂಟ್ ಕಾಲ್‌ಗೆ ಕರೆದಿರಿ, ಮೀಟಿಂಗ್‌ನಲ್ಲಿ ಯಾರ ಮಾತು ಮಧ್ಯದಲ್ಲಿ ತುಂಡರಿಸಿದಿರಿ. ಇವೆಲ್ಲ ಎಣಿಸಬಹುದಾದ ವಿಷಯ.

ನನ್ನ ತಪ್ಪನ್ನೇ ಹುಡುಕುತ್ತಾ ಕೂತರೆ ಆತ್ಮವಿಶ್ವಾಸ ಹೋಗಲ್ವಾ?

ಹೋಗುತ್ತದೆ, ಹುಡುಕುತ್ತಲೇ ಕೂತರೆ. ರಾತ್ರಿ ಹನ್ನೊಂದಕ್ಕೆ ಮಲಗಿ 'ಛೆ, ಹಾಗೆ ಅನ್ನಬಾರದಿತ್ತು' ಅಂತ ಹದಿನೈದು ಸಲ ಹೊರಳಾಡುವುದು ಬರೀ ಕೊರಗು. ಬರೆದು ಮುಚ್ಚಿಟ್ಟು ಮಲಗಿ. ನೋಟ್‌ಬುಕ್‌ನಲ್ಲಿ ಚೆನ್ನಾಗಿ ಮಾಡಿದ್ದನ್ನೂ ಬರೆಯಿರಿ. ಡ್ರಕ್ಕರ್ ಅವರ ಲೇಖನದ ಮುಖ್ಯ ಮಾತೂ ಅದೇ ಆಗಿತ್ತು: ತಮ್ಮ ಬಲ ಯಾವುದು ಅಂತಲೇ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ, ಮೊದಲು ಅದನ್ನು ಕಂಡುಕೊಳ್ಳಿ. ನನಗೆ ಲೆಕ್ಕಪತ್ರ ಬರುವುದಿಲ್ಲ. ಕಲಿಯಲು ಮೂರು ವರ್ಷ ಒದ್ದಾಡಿದೆ. ಆಮೇಲೆ ಲೆಕ್ಕ ಬಲ್ಲ ಒಬ್ಬರನ್ನು ಪಕ್ಕದಲ್ಲಿ ಇಟ್ಟುಕೊಂಡೆ. ಆ ಮೂರು ವರ್ಷ ಮೊದಲೇ ಉಳಿಸಬಹುದಿತ್ತು.

ಧ್ಯಾನ ಮಾಡಿದರೆ ಬರುತ್ತಾ?

ಕೆಲವರಿಗೆ ಸಹಾಯವಾಗುತ್ತದೆ, ಮನಸ್ಸು ಎಲ್ಲಿ ಓಡುತ್ತಿದೆ ಅಂತ ಕಾಣುತ್ತದೆ. ಹೊರಗಿನವರಿಗೆ ನೀವು ಹೇಗೆ ಕಾಣುತ್ತೀರಿ ಅನ್ನೋದು ಕಣ್ಣು ಮುಚ್ಚಿದರೆ ಗೊತ್ತಾಗಲ್ಲ. ಮನೆಯವರನ್ನು ಕೇಳಿ, ಇನ್ನೂ ಬೇಗ ಗೊತ್ತಾಗುತ್ತದೆ. ನನ್ನ ಹೆಂಡತಿ ಈ 'ಪಕ್ಕಕ್ಕೆ ಸರಿಸುವ' ಕಥೆ ಕೇಳಿ, 'ದೋಸೆ ಹುಯ್ಯೋವಾಗ ಸೌಟು ಕಿತ್ಕೋತೀರಲ್ಲ, ಅದೇ ತಾನೇ?' ಅಂದಳು.

ನನಗೆ ಅರಿವಿದೆ, ನಮ್ಮ ಬಾಸ್‌ಗೆ ಇಲ್ಲ. ಅವರಿಗೆ ಹೇಗೆ ಹೇಳೋದು?

ಈ ಪುಟದ ಲಿಂಕ್ ಕಳಿಸಬೇಡಿ, ದಯವಿಟ್ಟು.

ಬಾಸ್ ಸ್ವಭಾವದ ಬಗ್ಗೆ ಮಾತಾಡದೆ ನಿಮ್ಮ ಕೆಲಸಕ್ಕೆ ಏನಾಯಿತು ಅಂತ ಮಾತ್ರ ಹೇಳಿ. 'ಸಾರ್, ನಿನ್ನೆ ಕ್ಲೈಂಟ್ ಎದುರಿಗೆ ತಾರೀಖು ಬದಲಾಯಿಸಿದಿರಿ, ಟೀಮ್ ಎರಡು ದಿನ ರಾತ್ರಿ ಕೂರಬೇಕಾಯಿತು. ಮುಂದಿನ ಸಲ ಮೊದಲು ನನಗೊಂದು ಫೋನ್ ಮಾಡ್ತೀರಾ?' ಇಷ್ಟು ಸಾಕು. ಕೇಳಿಸಿಕೊಳ್ಳದ ಬಾಸೂ ಇರುತ್ತಾರೆ. ಅಂಥವರ ಕೈಕೆಳಗೆ ಎಷ್ಟು ದಿನ ಇರಬೇಕು ಅನ್ನೋದು ನಿಮ್ಮ ಮನೆಯ ಲೆಕ್ಕಾಚಾರ, ನಾನು ಹೇಳಲಾರೆ.

ಇದಕ್ಕೆ ಎಷ್ಟು ದಿನ ಬೇಕು? ಒಂದು ವರ್ಷದಲ್ಲಿ ಸರಿಹೋಗುತ್ತೇನಾ?

ಮೈಕ್ರೋಮೀಟರ್‌ಗೂ ಒಂದೇ ಸಲ ಕ್ಯಾಲಿಬ್ರೇಶನ್ ಮಾಡಿ ಬಿಡುವುದಿಲ್ಲ. ಸ್ಟಿಕ್ಕರ್ ಮೇಲೆ ಮುಂದಿನ ತಾರೀಖು ಬರೆದಿರುತ್ತಾರೆ.

ಕಳೆದ ತಿಂಗಳು ಒಂದು ಬ್ಯಾಚಿನಲ್ಲಿ ಇದೇ 140 ಪೀಸಿನ ಕಥೆ ಹೇಳಿ ಮುಗಿಸಿದ್ದೆ. ಆಮೇಲೆ ಒಬ್ಬ ಹುಡುಗಿಯನ್ನು ಬೋರ್ಡಿಗೆ ಕರೆದು ಜೋಹಾರಿ ಕಿಟಕಿ ಬರೆಯಲು ಹೇಳಿದೆ. ಎರಡನೇ ಚೌಕದ ಜಾಗದಲ್ಲಿ ಮೂರನೆಯದನ್ನು ಬರೆಯುತ್ತಿದ್ದಳು. 'ಇಲ್ಲಿ ಕೊಡಮ್ಮ' ಅಂತ ಮಾರ್ಕರ್ ಕಿತ್ತುಕೊಂಡು ನಾನೇ ಬರೆಯತೊಡಗಿದೆ. ಎರಡು ಗೆರೆ ಎಳೆದ ಮೇಲೆ ಹಿಂದಿನಿಂದ ನಗು ಕೇಳಿಸಿತು. ತಿರುಗಿ ನೋಡಿದರೆ ಆಕೆ ಪಕ್ಕದಲ್ಲಿ ಕೈ ಕಟ್ಟಿಕೊಂಡು ನಿಂತಿದ್ದಳು. ಮಾರ್ಕರ್ ವಾಪಸ್ ಕೊಟ್ಟೆ.